ಕ್ಯಾಸೆಟ್ಟಿನ ದನಿಯೂ ಕಂಪ್ಯೂಟರಿನ ನೀಲಿ ಕಿಂಡಿಯೂ

ಕಳೆದ ಶ್ರಾವಣದಲ್ಲಿ ನಾವು ಮೂವರು ಅಸೂಟಿಗೆ ಹೋಗಿದ್ದೆವು. ಭಜನಿ ಮ್ಯಾಳದ ಬಗ್ಗೆ ಒಂದು ಬರಹ ಮಾಡಬೇಕಿತ್ತು. ನಮ್ಮಲ್ಲೊಬ್ಬನಿಗೆ ಅದು ಸೋದರಮಾವನ ಊರು. ಮಾವನ ಮನೆಯಲ್ಲಿ ಚಹಾ ಕುಡಿಯುತ್ತ ಕುಳಿತಾಗ ಓಣಿಯ ಅಜ್ಜರೊಬ್ಬರು ಬಂದು ನಮ್ಮ ಮುಂದೆ ಒಂದು ಹಳೇ ತಗಡಿನ ಡಬ್ಬಿ ಇಟ್ಟರು. ಚುರುಮುರಿ ಇರಬಹುದು ಅಂದುಕೊಂಡೆವು. ಮುಚ್ಚಳ ತೆಗೆದರೆ ಒಳಗೆ ಹನ್ನೊಂದು ಕ್ಯಾಸೆಟ್.

"ಇದರಾಗ ಭಜನಿ ಪದ ಅದಾವು, ಮೊಹರಂ ರಿವಾಯತ್ ಅದಾವು. ಒಂದರಾಗ ನಮ್ಮ ಮನಿಯಾಕಿ ಬೀಸೂ ಪದ ಹಾಡ್ಯಾಳ. ಆಕಿ ಹೋಗಿ ಒಂಬತ್ತು ವರ್ಷ ಆತು. ಕೇಳಾಕ ಮಷೀನ ಇಲ್ಲ. ನೀವು ಕಲತವರದೀರಿ, ಹ್ಯಾಂಗರ ಮಾಡಿ ಮೊಬೈಲಿಗೆ ಹಾಕಿಕೊಡ್ರಪಾ" ಅಂದರು.

ಹೂಂ ಅಂದುಬಿಟ್ಟೆವು. ಒಂದು ತಂತಿ ಚುಚ್ಚಿದರೆ ಆಗುವ ಕೆಲಸ ಎಂದು ನಮ್ಮ ಲೆಕ್ಕ. ಆ ತಂತಿ ಚುಚ್ಚುವ ಕಿಂಡಿ ಹುಡುಕಲು ನಮಗೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳಲ್ಲಿ ಕಲಿತದ್ದೇ ಈ ಬರಹ.

ಮೊದಲು ಕ್ಯಾಸೆಟ್ ನೋಡಿದೆವು. ಅಜ್ಜ ಒಂದೊಂದರ ಮೇಲೂ ಬಾಲ್‌ಪೆನ್ನಿನಲ್ಲಿ ಇಸವಿ ಬರೆದಿದ್ದರು, 1988ರಿಂದ 1996ರ ತನಕ. ನಾಲ್ಕು ಪೂರ್ತಿ ಕೆಟ್ಟಿದ್ದವು. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ನಮ್ಮ ಭಾಗದ ಯಾರೂ ಮರೆತಿಲ್ಲ. ಮಣ್ಣಿನ ಮಾಳಿಗೆಗಳು ಸೋರಿದವು, ಗ್ವಾಡಿಗಳು ಕುಸಿದವು. ಆಗ ಡಬ್ಬಿಯೊಳಗೂ ನೀರು ಹೋಗಿ, ರೀಲಿಗೆ ಬೂಸಲು ಹಿಡಿದು ಒಂದಕ್ಕೊಂದು ಅಂಟಿಕೊಂಡಿತ್ತು. ಉಳಿದವು ಏಳು.

ಹೊಳೆಆಲೂರಿನ ಪರಿಚಯದವರ ಮನೆಯ ಅಟ್ಟದಲ್ಲಿ ಒಂದು ಟೇಪ್ ರೆಕಾರ್ಡರ್ ಸಿಕ್ಕಿತು. ಒಳಗಿನ ರಬ್ಬರ್ ಬೆಲ್ಟ್ ಸಡಿಲಾಗಿ ಹಾಡು ಎಳೆದೆಳೆದು ಬರುತ್ತಿತ್ತು. ಗದಗಿನಲ್ಲಿ ಬೆಲ್ಟ್ ಬದಲಿಸಿಕೊಂಡು ಬಂದೆವು. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿದೆವು. ಅಜ್ಜನ ಕ್ಯಾಸೆಟ್ ಹಾಕುವ ಮೊದಲು ಜಾತ್ರೆಯಲ್ಲಿ ಕೊಂಡಿದ್ದ ಒಂದು ಹಳೇ ಕ್ಯಾಸೆಟ್ ಹಾಕಿ ಪರೀಕ್ಷೆ ಮಾಡಿದೆವು. ಮಷೀನ್ ರೀಲು ನುಂಗಿದರೆ ನುಂಗಲಿ, ಅಜ್ಜನದನ್ನು ನುಂಗಬಾರದು.

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದ್ದೇ. ಟೇಪ್ ಹಚ್ಚಿ, ಎದುರಿಗೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದೆವು. ಅಜ್ಜನಿಗೆ ಕೇಳಿಸಿದಾಗ ಅವರು ಕಿವಿ ಹಚ್ಚಿ ಕೇಳಿ ಅಂದರು: "ಇದರಾಗ ಟ್ಯಾಕ್ಟರ್ ಚಲೋ ಕೇಳ್ತೈತಿ. ಹಾಡ ಎಲ್ಲೈತಿ?"

ಹಾಗಾದರೆ ತಂತಿಯಿಂದಲೇ ಇಳಿಸಬೇಕು. ಟೇಪಿನ ಇಯರ್‌ಫೋನ್ ತೂತಿನಿಂದ ನಮ್ಮ ಲ್ಯಾಪ್‌ಟಾಪಿಗೆ ತಂತಿ ಎಳೆದೆವು. ಲ್ಯಾಪ್‌ಟಾಪಿಗೆ ಇರುವುದು ಒಂದೇ ತೂತು. ಹಾಡು ಬಂತು, ಆದರೆ ಹರಿದ ಪರದೆಯ ಹಾಗೆ ಬಂತು. ಗಟ್ಟಿ ದನಿ ಬಂದಲ್ಲೆಲ್ಲ ಗರಗರ. ಇನ್ನೊಂದು ವಿಚಿತ್ರ, ಹಿಂದೆ ಒಂದೇ ಸಮ ನುಡಿಯುತ್ತಿದ್ದ ತಂಬೂರಿ ಸ್ವಲ್ಪ ಹೊತ್ತಿಗೆ ಮಾಯವಾಗುತ್ತಿತ್ತು.

ಯಾಕೆ ಹೀಗೆ ಅಂತ ಓದಿ ತಿಳಿದುಕೊಂಡೆವು. ಲ್ಯಾಪ್‌ಟಾಪಿನ ಆ ಒಂದೇ ತೂತು ಮೊಬೈಲಿನ ಹೆಡ್‌ಫೋನ್ ತೂತಿನಂಥದ್ದು. ಅದರ ಪಿನ್ನಿಗೆ ನಾಲ್ಕು ಪಟ್ಟಿ. ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಅರ್ಥ್ ಒಂದು, ಮೈಕಿಗೆ ಒಂದು. ಹೊರಗೆ ಹೋಗುವ ದನಿಗೆ ಎರಡು ದಾರಿ, ಒಳಗೆ ಬರುವ ದನಿಗೆ ಒಂದೇ ದಾರಿ, ಅದೂ ಮೈಕಿನ ದಾರಿ. ಮೈಕಿನಿಂದ ಬರುವ ವಿದ್ಯುತ್ತು ಕೆಲವೇ ಮಿಲಿವೋಲ್ಟ್. ಟೇಪಿನಿಂದ ಬರುವುದು ಅದರ ನೂರು ಪಟ್ಟು ಇರಬಹುದು. ಹನಿ ನೀರಾವರಿಯ ಪೈಪಿಗೆ ಕಾಲುವೆ ನೀರು ತಿರುಗಿಸಿದರೆ ಏನಾಗುತ್ತದೋ ಅದೇ ಆಗಿತ್ತು. ಇನ್ನು ತಂಬೂರಿಯ ಕಥೆ. ಮೀಟಿಂಗಿನಲ್ಲಿ ಮಾತಾಡುವವರಿಗೆ ಅನುಕೂಲವಾಗಲಿ ಎಂದು ಲ್ಯಾಪ್‌ಟಾಪು ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಸದ್ದು ಎಂದು ತಿಳಿದು ಅಳಿಸಿಹಾಕುತ್ತದೆ. ಅದರ ಕಿವಿಗೆ ತಂಬೂರಿಯೂ ಫ್ಯಾನೇ. ಅದನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿದೆವು. ತಂಬೂರಿ ಉಳಿಯಿತು, ಗರಗರ ಹೋಗಲಿಲ್ಲ.

ಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ "ಸೌಂಡ್ ಕಾರ್ಡ್ ಕೊಡ್ರಿ" ಅಂದೆವು. ಹೆಬ್ಬೆರಳಿನಷ್ಟು ಉದ್ದದ ಯುಎಸ್‌ಬಿ ಕಡ್ಡಿ ಕೊಟ್ಟರು. ಎರಡು ತೂತು, ಒಂದು ಹಸಿರು, ಒಂದು ಗುಲಾಬಿ. ಮನೆಗೆ ತಂದು ಹಚ್ಚಿದರೆ ಅದೇ ಗರಗರ. ಗುಲಾಬಿಯೂ ಮೈಕಿನದೇ. ನಮಗೆ ಬೇಕಾಗಿದ್ದು ನೀಲಿ.

ಹಳೇ ಕಂಪ್ಯೂಟರಿನ ಹಿಂದೆ ಮೂರು ಬಣ್ಣದ ತೂತು ನೋಡಿದವರು ನಿಮ್ಮಲ್ಲೂ ಇರಬಹುದು. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಟೇಪು, ರೇಡಿಯೋದಿಂದ ದನಿ ಒಳಗೆ ತರಲು. ಈ ಬಣ್ಣಗಳನ್ನು ಗೊತ್ತುಮಾಡಿದ್ದು ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ಹೊರತಂದ 'ಪಿಸಿ 99' ಎಂಬ ಕೈಪಿಡಿ. ಅದಕ್ಕೂ ಮೊದಲು ಎಲ್ಲ ತೂತೂ ಒಂದೇ ಥರ, ಪಕ್ಕದ ಸಣ್ಣ ಚಿತ್ರ ನೋಡಿ ಊಹಿಸಬೇಕಿತ್ತು.

ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಣ್ಣನೊಬ್ಬನ ಹತ್ತಿರ ಹೋದೆವು. ನಮ್ಮ ಕಥೆ ಕೇಳಿ ನಕ್ಕು, ಮೇಜಿನ ಕೆಳಗಿನ ಡಬ್ಬಾ ಎಳೆದ. ತುಂಬ ಹಸಿರು ಹಲಗೆಗಳು. ಉದ್ದನೆಯವು, ಗಿಡ್ಡವು, ಚಿನ್ನದ ಬಣ್ಣದ ಹಲ್ಲಿನವು.

"ಇವು ಎಲ್ಲಾ ಸೌಂಡ್ ಕಾರ್ಡ. ಒಂದು ಕಾಲಕ್ಕ ಇದು ಇಲ್ಲದ ಕಂಪ್ಯೂಟರಿಗೆ ದನೀನ ಇರತಿದ್ದಿಲ್ಲ. ಈಗ ಕೆಜಿ ಲೆಕ್ಕದಾಗ ಗುಜರಿಗೆ ಹೊಕ್ಕಾವು. ನಿಮ್ಮ ಲ್ಯಾಪ್‌ಟಾಪಿಗೆ ಇದನ್ನ ಎಲ್ಲಿ ಚುಚ್ಚತೀರಿ? ಜಾಗಾನ ಇಲ್ಲಲ್ಲ" ಅಂದ.

ಕೆಡದ, ಸುಡದ, ಇನ್ನೂ ಹಾಡಬಲ್ಲ ಕಾರ್ಡುಗಳು ಗುಜರಿಗೆ ಯಾಕೆ ಹೋದವು? ನಮಗೆ ಇದು ಕಾಡಿತು. ಓದಿ, ಆ ಅಣ್ಣನನ್ನು ಕೇಳಿ ಕೂಡಿಸಿಕೊಂಡದ್ದು ಇಷ್ಟು.

ನಮ್ಮ ಎರಿ ಹೊಲದ ದಾರಿ ನೆನಪು ಮಾಡಿಕೊಳ್ಳಿ. ಮಳೆಗಾಲದಲ್ಲಿ ಮೊದಲ ಚಕ್ಕಡಿ ಹೋಗಿ ಜಾಡು ಬಿಟ್ಟರೆ ಉಳಿದವೂ ಅದೇ ಜಾಡಿನಲ್ಲಿ ಹೋಗಬೇಕು. ಗಾಲಿಗಳ ನಡುವಿನ ಅಗಲ ಬೇರೆ ಇದ್ದರೆ ಗಾಡಿ ಎಷ್ಟು ಗಟ್ಟಿಯಿದ್ದರೂ ಸಿಕ್ಕಿಬೀಳುತ್ತದೆ. ಕಂಪ್ಯೂಟರಿನಲ್ಲಿ ಸ್ಟ್ಯಾಂಡರ್ಡ್ ಅಂದರೆ ಈ ಜಾಡು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ದನಿ ಕುಂಯ್ ಕುಂಯ್ ಅನ್ನುವ ಒಂದು ಸಣ್ಣ ಸ್ಪೀಕರು, ಅಷ್ಟೇ. ಕಚೇರಿ ಕೆಲಸದ ಯಂತ್ರಕ್ಕೆ ಹಾಡು ಯಾಕೆ ಎಂಬ ಲೆಕ್ಕ. ಆದರೆ ಒಳಗೆ ಬೇರೆ ಹಲಗೆ ಚುಚ್ಚಲು ಸ್ಲಾಟುಗಳನ್ನು ಬಿಟ್ಟಿದ್ದರು. ಮುಂದೆ ಅವಕ್ಕೆ ಐಎಸ್‌ಎ ಎಂದು ಹೆಸರಾಯಿತು. 1987ರಲ್ಲಿ ಕೆನಡಾದ ಕ್ಯುಬೆಕ್‌ನ ಆಡ್‌ಲಿಬ್ ಎಂಬ ಕಂಪನಿ ಆ ಸ್ಲಾಟಿಗೆ ಸಂಗೀತದ ಕಾರ್ಡು ಮಾಡಿತು. ಕಂಪನಿ ಕಟ್ಟಿದವರು ಸಂಗೀತದ ಪ್ರಾಧ್ಯಾಪಕರಾಗಿದ್ದವರು. ಒಳಗಿನ ಚಿಪ್ಪು ಜಪಾನಿನ ಯಮಹಾದ್ದು. ಆಟಗಳನ್ನು ಮಾಡುವವರೆಲ್ಲ ಆಡ್‌ಲಿಬ್‌ಗೆ ಹೊಂದುವ ಹಾಗೆ ಬರೆಯತೊಡಗಿದರು. ಅದೇ ಮೊದಲ ಜಾಡು.

1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ತಂದಿತು. ಯಮಹಾದ ಅದೇ ಚಿಪ್ಪು, ಅದಕ್ಕೆ ಆಡ್‌ಲಿಬ್‌ನ ಹಾಡೆಲ್ಲ ಇದರಲ್ಲೂ ನಡೆಯಿತು. ಮೇಲೆ ಮನುಷ್ಯನ ದನಿಯನ್ನು ರೆಕಾರ್ಡ್ ಮಾಡುವ, ಕೇಳಿಸುವ ಸೌಕರ್ಯ, ಜೊತೆಗೆ ಆಟದ ಜಾಯ್‌ಸ್ಟಿಕ್ ಹಚ್ಚಲು ಜಾಗ. ಇನ್ನೊಬ್ಬರ ಜಾಡಿನಲ್ಲೇ ಗಾಡಿ ಹೊಡೆದು, ಹೆಚ್ಚಿಗೆ ಹೇರು ಹೇರಿಕೊಂಡು ಬಂದ ಹಾಗೆ. 1992ಕ್ಕೆ ಆಡ್‌ಲಿಬ್ ದಿವಾಳಿಯಾಯಿತು. ಅದೇ ವರ್ಷ ಸಿಡಿ ಗುಣಮಟ್ಟದ ಸೌಂಡ್ ಬ್ಲಾಸ್ಟರ್ 16 ಬಂತು. ಆಮೇಲೆ ಯಾವ ಕಂಪನಿಯ ಕಾರ್ಡಾದರೂ ಡಬ್ಬಿಯ ಮೇಲೆ 'ಸೌಂಡ್ ಬ್ಲಾಸ್ಟರ್‌ಗೆ ಹೊಂದುತ್ತದೆ' ಎಂದು ಬರೆದರೆ ಮಾತ್ರ ಮಾರಾಟ.

ಮುಂದೆ ಜಾಡು ಮೂರು ಕಡೆಯಿಂದ ಬದಲಾಯಿತು.

ಒಂದು, ಮಾತಾಡುವ ರೀತಿ. ಮೊದಲು ಪ್ರತಿ ಆಟವೂ ಕಾರ್ಡಿನ ಜೊತೆ ನೇರ ಮಾತಾಡುತ್ತಿತ್ತು. ಅದಕ್ಕೇ ಸೌಂಡ್ ಬ್ಲಾಸ್ಟರಿನ ಭಾಷೆ ಬರಲೇಬೇಕಿತ್ತು. 1995ರಲ್ಲಿ ವಿಂಡೋಸ್ 95, ಅದರ ಬೆನ್ನಿಗೇ ಡೈರೆಕ್ಟ್‌ಎಕ್ಸ್ ಬಂದವು. ಆಟ ವಿಂಡೋಸಿಗೆ ಹೇಳುತ್ತದೆ, ವಿಂಡೋಸ್ ಡ್ರೈವರಿಗೆ ಹೇಳುತ್ತದೆ, ಡ್ರೈವರ್ ಕಾರ್ಡಿಗೆ ಹೇಳುತ್ತದೆ. ನಡುವೆ ದುಭಾಷಿ ಬಂದ ಮೇಲೆ ಯಾರ ಕಾರ್ಡಾದರೇನು? ಹೊಂದಾಣಿಕೆಯ ಹೆಸರಿನ ಬೆಲೆ ಇಳಿಯಿತು. ಆದರೆ ದುಭಾಷಿ ಇಲ್ಲದ ಕಾರ್ಡು ಮೂಕವಾಯಿತು. ವಿಂಡೋಸ್ ಬದಲಾದಾಗ ಕಂಪನಿ ಹೊಸ ಡ್ರೈವರ್ ಬರೆಯದಿದ್ದರೆ ಒಳ್ಳೇ ಕಾರ್ಡೂ ಗುಜರಿ.

ಎರಡು, ಸ್ಲಾಟು. ಇಂಟೆಲ್ 1992ರಲ್ಲಿ ಪಿಸಿಐ ಎಂಬ ವೇಗದ ಹೊಸ ಸ್ಲಾಟು ತಂದಿತು. ಐಎಸ್‌ಎ ನಿಧಾನಕ್ಕೆ ಮೂಲೆಗೆ ಸರಿಯಿತು. ಪಿಸಿ 2001 ಕೈಪಿಡಿ ಬರುವ ಹೊತ್ತಿಗೆ ಹೊಸ ಕಂಪ್ಯೂಟರಿನಲ್ಲಿ ಐಎಸ್‌ಎ ಸ್ಲಾಟ್ ಇರಲೇಬಾರದು ಎಂದಾಯಿತು. ಆಮೇಲೆ ಪಿಸಿಐಗೂ ವಯಸ್ಸಾಗಿ ಪಿಸಿಐ ಎಕ್ಸ್‌ಪ್ರೆಸ್ ಬಂತು. ಡಬ್ಬಾದೊಳಗಿನ ಉದ್ದ ಹಲಗೆ ಐಎಸ್‌ಎದ್ದು, ಗಿಡ್ಡ ಹಲಗೆ ಪಿಸಿಐದ್ದು. ಒಂದರ ಹಲ್ಲು ಇನ್ನೊಂದರ ಬಾಯಿಗೆ ಕೂಡ್ರುವುದಿಲ್ಲ.

ಮೂರನೆಯದೇ ದೊಡ್ಡ ಪೆಟ್ಟು. 1997ರಲ್ಲಿ ಇಂಟೆಲ್ ಎಸಿ-97 ಎಂಬ ಸ್ಟ್ಯಾಂಡರ್ಡ್ ಹೊರತಂದಿತು. ಅದು ಸೌಂಡ್ ಕಾರ್ಡಿನ ಕೆಲಸವನ್ನು ಎರಡು ಪಾಲು ಮಾಡಿತು. ಲೆಕ್ಕದ ಕೆಲಸ ಮದರ್‌ಬೋರ್ಡಿನ ಮುಖ್ಯ ಚಿಪ್ಪಿಗೆ. ಅಂಕಿಯನ್ನು ದನಿಯಾಗಿ, ದನಿಯನ್ನು ಅಂಕಿಯಾಗಿ ಮಾಡುವ ಕೆಲಸ ಕೊಡೆಕ್ ಎಂಬ ಸಣ್ಣ, ಅಗ್ಗದ ಚಿಪ್ಪಿಗೆ. ಆ ಚಿಪ್ಪನ್ನು ಯಾರು ಬೇಕಾದರೂ ಮಾಡಬಹುದಿತ್ತು. ತೈವಾನಿನ ರಿಯಲ್‌ಟೆಕ್ ಇದರಲ್ಲಿ ಮುಂದೆ ಬಂತು. ಬೋರ್ಡಿನಲ್ಲೇ ದನಿ ಬಂದ ಮೇಲೆ ಬೇರೆ ಕಾರ್ಡಿಗೆ ದುಡ್ಡು ಕೊಡುವವರು ಯಾರು? 2004ರಲ್ಲಿ ಇಂಟೆಲ್ ತಂದ ಎಚ್‌ಡಿ ಆಡಿಯೋ ಉಳಿದ ಕೊರತೆಯನ್ನೂ ತುಂಬಿತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ, ದನಿಯ ಲೆಕ್ಕವನ್ನು ಕಾರ್ಡು ತಾನೇ ಮಾಡುವ ಹಳೇ ದಾರಿಯನ್ನು ಮುಚ್ಚಿತು. ಆಟದವರಿಗಾಗಿ ಮಾಡಿದ ದುಬಾರಿ ಕಾರ್ಡುಗಳ ಮುಖ್ಯ ಬಲವೇ ಅದಾಗಿತ್ತು.

ಈ ಪೇಟೆಯಲ್ಲಿ ಒಳ್ಳೆಯ ಮಾಲು ಮಾಡಿದವರೆಲ್ಲ ಉಳಿದರು ಎಂದೂ ಹೇಳಲಾಗದು. ಆರಿಯಲ್ ಎಂಬ ಅಮೆರಿಕದ ಕಂಪನಿ ಕಿವಿಯ ಸುತ್ತ ದನಿ ತಿರುಗುವ ಹಾಗೆ ಕಾರ್ಡು ಮಾಡುತ್ತಿತ್ತು. ಪೇಟೆಂಟ್ ವಿಷಯಕ್ಕೆ ಕ್ರಿಯೇಟಿವ್ ಅದರ ಮೇಲೆ 1998ರಲ್ಲಿ ಕೇಸು ಹಾಕಿತು. 1999ರ ಕೊನೆಗೆ ಆರಿಯಲ್ ಗೆದ್ದಿತು. ಆದರೆ ವಕೀಲರ ಖರ್ಚಿಗೇ ಸೊರಗಿ ಮರುವರ್ಷ ದಿವಾಳಿಯಾಯಿತು. ಅದರ ಆಸ್ತಿ ಕೊಂಡದ್ದು ಅದೇ ಕ್ರಿಯೇಟಿವ್. ಕೋರ್ಟಿನಲ್ಲಿ ಗೆದ್ದು ಹೊಲ ಮಾರಿದವರ ಕಥೆ ನಮ್ಮ ಊರುಗಳಲ್ಲೂ ಉಂಟು.

ಇದೆಲ್ಲ ಕೇಳಿದರೆ ಬಡವರಿಗೆ ಲಾಭವೇ ಆಯಿತಲ್ಲ ಅನ್ನಿಸುತ್ತದೆ. ಆಯಿತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ದನಿಗಾಗಿ ಬೇರೆ ದುಡ್ಡು ಕೊಡುವ ಕಾಲ ಹೋಯಿತು. ಹಳ್ಳಿ ಶಾಲೆಯ ಕಂಪ್ಯೂಟರಿಗೂ ದನಿ ಬಂತು, ಕೈಯೊಳಗಿನ ಮೊಬೈಲಿಗೂ ಬಂತು.

ಆದರೆ ಡಬ್ಬಾದ ಮುಂದೆ ಕುಳಿತು ನಮಗೆ ಹೊಳೆದದ್ದು ಇನ್ನೊಂದು. ಅಗ್ಗವಾಗುತ್ತ ಹೋದಂತೆ ತೂತುಗಳು ಕಡಿಮೆಯಾದವು. ಹೆಚ್ಚು ಜನರಿಗೆ ಏನು ಬೇಕೋ ಅದನ್ನು ಉಳಿಸಿ ಮಿಕ್ಕದ್ದನ್ನು ತೆಗೆಯುವುದು ಪೇಟೆಯ ಗುಣ. ಹೆಚ್ಚು ಜನರಿಗೆ ಬೇಕಾದ್ದು ಕೇಳುವುದು, ಮತ್ತೆ ಫೋನಿನಲ್ಲಿ ಮಾತಾಡುವುದು. ಅದಕ್ಕೇ ಹಸಿರು ಉಳಿಯಿತು, ಗುಲಾಬಿ ಹಸಿರಿನೊಳಗೆ ಸೇರಿಕೊಂಡಿತು. ನೀಲಿ ಮಾತ್ರ ಹೋಯಿತು. 2016ರಲ್ಲಿ ಐಫೋನ್ 7 ಬಂದಾಗ ಹಸಿರೂ ಹೋಯಿತು. ಆಮೇಲೆ ಬಂದ ಎಷ್ಟೋ ಫೋನುಗಳಲ್ಲಿ ಚಾರ್ಜರಿನ ತೂತು ಒಂದೇ.

ಹೊರಗಿನಿಂದ ಬರುವ ಹಾಡು ಕೇಳಲು ನಮಗೆ ನೂರು ದಾರಿ ಇವೆ. ನಮ್ಮ ಓಣಿಯಲ್ಲಿ ಹಾಡಿದ್ದನ್ನು ಒಳಗೆ ಹಾಕುವ ದಾರಿ ಮಾತ್ರ ಅದೇ ಹೊತ್ತಿಗೆ ಮುಚ್ಚಿತು. ಭೀಮಸೇನ ಜೋಶಿ ಹುಟ್ಟಿದ ಜಿಲ್ಲೆ ನಮ್ಮದು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಎಷ್ಟೋ ಮಕ್ಕಳನ್ನು ಗಾಯಕರನ್ನಾಗಿ ಮಾಡಿದರು. ಅವರ ಹಾಡನ್ನು ಕಂಪನಿಗಳು, ಆಕಾಶವಾಣಿ ಉಳಿಸಿವೆ. ಅಸೂಟಿಯ ಬೀಸುವ ಪದವನ್ನು ಯಾರು ಉಳಿಸುತ್ತಾರೆ? ಅದು ಇರುವುದು ತಗಡಿನ ಡಬ್ಬಿಯಲ್ಲಿ, ಮಳೆಗೆ ಸೋರುವ ಮಾಳಿಗೆಯ ಕೆಳಗೆ.

ನಮಗೆ ಕಡೆಗೆ ದಾರಿ ತೋರಿದವರು ಒಬ್ಬ ಡಿಟಿಪಿ ಅಂಗಡಿಯವರು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ ಮಾಡುವ ಅವರ ಹತ್ತಿರ ವಿಂಡೋಸ್ ಎಕ್ಸ್‌ಪಿಯ ಒಂದು ಹಳೇ ಡೆಸ್ಕ್‌ಟಾಪ್ ಇತ್ತು. ಹಳೇ ನುಡಿ ಅಕ್ಷರಗಳ ಫೈಲುಗಳೆಲ್ಲ ಅದರಲ್ಲೇ ಇವೆ ಎಂದು ಇನ್ನೂ ಇಟ್ಟುಕೊಂಡಿದ್ದರು. ಅದರ ಬೆನ್ನಿಗೆ ತಿರುಗಿ ನೋಡಿದರೆ ಹಸಿರು, ಗುಲಾಬಿ, ನೀಲಿ! ಸೌಂಡ್ ಕಾರ್ಡುಗಳನ್ನು ಗುಜರಿಗೆ ಕಳಿಸಿದ ಅದೇ ಎಸಿ-97ರ ನೀಲಿ ಕಿಂಡಿ ನಮ್ಮ ಕೈ ಹಿಡಿಯಿತು.

ಅಂಗಡಿಯ ರಜೆ ದಿನ ಹೋಗಿ ಕುಳಿತೆವು. ಮೊದಲು ಗುಂಯ್ ಅನ್ನುವ ಸದ್ದು ಬಂತು. ಟೇಪನ್ನು ಕರೆಂಟಿನಿಂದ ಬಿಡಿಸಿ ಸೆಲ್ಲು ಹಾಕಿದ ಮೇಲೆ ನಿಂತಿತು. ಟೇಪಿನ ವಾಲ್ಯೂಮ್ ಕಡಿಮೆ ಇಟ್ಟು, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದೆವು. ಟೇಪು ಒಂದು ತಾಸು ಓಡಿದರೆ ಕೆಲಸವೂ ಒಂದು ತಾಸು. ಇದರಲ್ಲಿ ಅವಸರದ ದಾರಿ ಇಲ್ಲ. ಏಳು ಕ್ಯಾಸೆಟ್ಟಿಗೆ ಎರಡು ರವಿವಾರ ಹೋದವು.

ಐದನೇ ಕ್ಯಾಸೆಟ್ಟಿನಲ್ಲಿ ಅಜ್ಜಿಯ ದನಿ ಬಂತು. ಹಿಂದೆ ಬೀಸುಕಲ್ಲಿನ ಸದ್ದು, ದೂರದಲ್ಲಿ ಎಮ್ಮೆ ಕೂಗು. ಹಾಡು ಮುಗಿಯುವ ಮೊದಲೇ ಅಜ್ಜಿ ನಿಲ್ಲಿಸಿ ಯಾರಿಗೋ, "ಸಾಕ ಬಿಡ್ರಿ, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತೈತಿ" ಅನ್ನುತ್ತಾರೆ. ಆಮೇಲೆ ಟಕ್ ಎಂದು ಟೇಪು ನಿಲ್ಲುತ್ತದೆ.

ಅಸೂಟಿಗೆ ಹೋಗಿ ಅಜ್ಜನ ಮೊಮ್ಮಗನ ಮೊಬೈಲಿಗೆ ಹಾಕಿಕೊಟ್ಟೆವು. ಅಜ್ಜ ಹಾಡು ಪೂರ್ತಿ ಕೇಳಿದರು. ಆಮೇಲೆ "ಕಡೀದು ಇನ್ನೊಮ್ಮೆ ಹಚ್ಚು" ಅಂದರು. ಮೊಮ್ಮಗ ಹಾಡಿನ ಕಡೆಯ ನುಡಿ ಹಚ್ಚಿದ. "ಅದಲ್ಲೋ ತಮ್ಮಾ, ರೊಟ್ಟೀದು" ಅಂದರು. ನಾಲ್ಕು ಸಲ ಕೇಳಿದರು. ನಾವು ಕ್ಯಾಸೆಟ್ ಡಬ್ಬಿ ವಾಪಸ್ ಕೊಟ್ಟಾಗ ಅದನ್ನು ಎದೆಗೆ ಹಿಡಿದುಕೊಂಡು ಒಳಗೆ ಹೋದರು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ನಾವು ಎಡವಿದಲ್ಲಿ ನೀವು ಎಡವಬೇಡಿ ಎಂದು ನಾಲ್ಕು ಮಾತು.

ಕ್ಯಾಸೆಟ್ಟನ್ನು ತಕ್ಷಣ ಮಷೀನಿಗೆ ಹಾಕಬೇಡಿ. ಪೆನ್ಸಿಲ್ಲಿನಿಂದ ನಿಧಾನಕ್ಕೆ ತಿರುಗಿಸಿ, ರೀಲು ಅಂಟಿದೆಯೇ ನೋಡಿ. ಬಿಳಿ ಬೂಸಲು ಕಂಡರೆ ಓಡಿಸಲೇಬೇಡಿ, ತಿಳಿದವರಿಗೆ ತೋರಿಸಿ.

ಮೊದಲು ಊರಿನ ಹಳೇ ಡೆಸ್ಕ್‌ಟಾಪುಗಳ ಬೆನ್ನು ನೋಡಿ. ಶಾಲೆ, ಡಿಟಿಪಿ ಅಂಗಡಿ, ಸ್ಟುಡಿಯೋ, ಎಲ್ಲಾದರೂ ನೀಲಿ ಕಿಂಡಿ ಇದ್ದರೆ ದುಡ್ಡು ಖರ್ಚಿಲ್ಲ.

ಹೊಸದು ಕೊಳ್ಳುವುದಾದರೆ ಬರೀ 'ಸೌಂಡ್ ಕಾರ್ಡ್' ಎಂದು ಕೇಳಬೇಡಿ. 'ಸ್ಟೀರಿಯೋ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ' ಎಂದು ಕೇಳಿ. ಯುಎಸ್‌ಬಿಯಲ್ಲಿ ದನಿಗೆಂದೇ ಒಂದು ಸಾಮಾನ್ಯ ಸ್ಟ್ಯಾಂಡರ್ಡ್ 1998ರಿಂದ ಇದೆ. ಅದನ್ನು ಪಾಲಿಸುವ ಸಾಧನಕ್ಕೆ ಬೇರೆ ಡ್ರೈವರ್ ಬೇಡ, ವಿಂಡೋಸ್, ಲಿನಕ್ಸ್, ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲೂ ನಡೆಯುತ್ತದೆ. ಸೌಂಡ್ ಕಾರ್ಡಿನ ಪೇಟೆ ಸತ್ತಿಲ್ಲ, ಕಂಪ್ಯೂಟರಿನ ಹೊಟ್ಟೆಯಿಂದ ಹೊರಬಂದು ಈ ರೂಪದಲ್ಲಿ ಕುಳಿತಿದೆ. ಹಾಡುವವರು, ಯೂಟ್ಯೂಬ್ ಮಾಡುವವರು ಈಗ ಕೊಳ್ಳುವುದು ಇದನ್ನೇ.

ಇಳಿಸಿದ ಮೇಲೆ ಮೂಲ ಫೈಲನ್ನು ವೇವ್ ರೂಪದಲ್ಲೇ ಇಡಿ. ಸಿಡಿ ಗುಣಮಟ್ಟದ ಸ್ಟೀರಿಯೋ ಆದರೆ ತಾಸಿಗೆ ಸುಮಾರು 635 ಎಂಬಿ, ಒಂದೇ ಮೈಕಿನ ಹಳೇ ರೆಕಾರ್ಡಿಂಗಿಗೆ ಮೋನೋ ಸಾಕು, ಅರ್ಧ ಜಾಗ ಉಳಿಯುತ್ತದೆ. ವಾಟ್ಸ್‌ಆ್ಯಪಿಗೆ ಕಳಿಸಲು ಎಂಪಿ3 ಬೇರೆ ಮಾಡಿಕೊಳ್ಳಿ, 128 ಕೆಬಿಪಿಎಸ್‌ನಲ್ಲಿ ತಾಸಿಗೆ 58 ಎಂಬಿಯೊಳಗೆ ಮುಗಿಯುತ್ತದೆ. ಫೈಲು ಎರಡು ಕಡೆ ಇರಲಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ಅಜ್ಜ ಬಾಲ್‌ಪೆನ್ನಿನಲ್ಲಿ ಇಸವಿ ಬರೆಯದೆ ಇದ್ದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಕ್ಯಾಸೆಟ್ ಎಸೆಯಬೇಡಿ. ಇವತ್ತಿನ ಪೆನ್‌ಡ್ರೈವ್ ಚುಚ್ಚುವ ತೂತು ಇನ್ನು ಇಪ್ಪತ್ತು ವರ್ಷಕ್ಕೆ ಇರುತ್ತದೆಯೋ ಇಲ್ಲವೋ. ಜಾಡು ಮತ್ತೆ ಬದಲಾಗುತ್ತದೆ, ಆಗ ಇನ್ನೊಮ್ಮೆ ಹೊಸ ಗಾಡಿಗೆ ಹೇರಬೇಕು. ಆ ಕೆಲಸ ಅಜ್ಜನ ಮೊಮ್ಮಗನದು. ಅವನಿಗೆ ಹೇಳಿ ಬಂದಿದ್ದೇವೆ.

ಕೆಟ್ಟ ನಾಲ್ಕು ಕ್ಯಾಸೆಟ್ಟು ಇನ್ನೂ ನಮ್ಮ ಹತ್ತಿರ ಇವೆ. ರೀಲು ಬಿಡಿಸುವವರನ್ನು ಹುಡುಕುತ್ತಿದ್ದೇವೆ. ಒಂದರ ಮೇಲೆ '1991, ಬಸವಣ್ಣನ ಗುಡಿ, ರಾತ್ರಿ ಪೂರ್ತಿ' ಎಂದಿದೆ. ಆ ರಾತ್ರಿ ಹಾಡಿದವರಲ್ಲಿ ಈಗ ಇರುವವರು ಇಬ್ಬರೇ ಅಂತ ಅಜ್ಜ ಹೇಳಿದರು.